ವಿದೇಶಿ ವಿಶ್ವವಿದ್ಯಾಲಯದ ಜೊತೆ ಸೇರಿ ಸೋಂಕು ರೋಗಗಳ ಸಂಶೋಧಕರನ್ನು ಬೆಳೆಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಎಂಒಯು, ಅಂದರೆ ಎರಡು ಸಂಸ್ಥೆಗಳ ನಡುವಿನ ಒಡಂಬಡಿಕೆ, ಹೇಗಿರುತ್ತದೆ ಅಂತ ನಮ್ಮ ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇರುವವರಿಗೆ ಹೇಳಿಕೊಡಬೇಕಾಗಿಲ್ಲ. ವಿದೇಶದಿಂದ ಇಬ್ಬರು ಬರುತ್ತಾರೆ. ಮೈಸೂರು ಪೇಟ ತೊಡಿಸುತ್ತೇವೆ, ಸಹಿ ಆಗುತ್ತದೆ, ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಆಮೇಲೆ ಆ ಕಾಗದವನ್ನು ಯಾರಾದರೂ ಹುಡುಕುವುದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರದಲ್ಲಿ ಮಾತ್ರ.

ಅದಕ್ಕಿಂತ ಮುಂದೆ ಹೋಗಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟಿಬಿ, ಮಂಗನ ಕಾಯಿಲೆ, ಡೆಂಗಿ, ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ, ಇಂಥವುಗಳ ಮೇಲೆ ಸ್ವಂತವಾಗಿ ಸಂಶೋಧನೆ ಮಾಡಬಲ್ಲ ನಾಲ್ಕಾರು ಜನರನ್ನು ನಿಮ್ಮ ಸಂಸ್ಥೆಯಲ್ಲೇ ತಯಾರು ಮಾಡಬೇಕು ಅಂದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡೋಣ. ನಾನು ಹೇಳುವ ಕ್ರಮ ಸ್ವಲ್ಪ ತಲೆಕೆಳಗಾಗಿ ಕಾಣಬಹುದು, ಯಾಕೆಂದರೆ ಇದು ಕೊನೆಯಿಂದ ಶುರುವಾಗುತ್ತದೆ.

1. ವಾಪಸ್ ಬಂದವರು ಎಲ್ಲಿ ಕೂರುತ್ತಾರೆ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ. ಇಲ್ಲಿ ಮಾತ್ರ ಹೊಲಿಸಲೇಬೇಕು. ಹೊರಗೆ ಎರಡು ಮೂರು ವರ್ಷ ಕಲಿತು ಬಂದ ಹುಡುಗಿಗೆ ಇಲ್ಲಿ ದಿನಾ ಒಪಿಡಿ, ರಾತ್ರಿ ಡ್ಯೂಟಿ, ಪರೀಕ್ಷೆ ಮೇಲ್ವಿಚಾರಣೆ ಅಷ್ಟೇ ಸಿಕ್ಕರೆ ಅವಳು ಆರು ತಿಂಗಳಲ್ಲಿ ಮತ್ತೆ ವಿಮಾನ ಹತ್ತುತ್ತಾಳೆ. ತಪ್ಪು ಅವಳದ್ದಲ್ಲ.

ಹಾಗಾಗಿ ಪಾಲುದಾರರನ್ನು ಹುಡುಕುವ ಮುಂಚೆಯೇ ನಿಮ್ಮ ಪ್ರಾಂಶುಪಾಲರ ಅಥವಾ ಕುಲಸಚಿವರ ಬಳಿ ಕೂತು ಕೆಲವು ವಿಷಯಗಳನ್ನು ಬರಹದಲ್ಲಿ ಪಡೆಯಿರಿ. ಹುದ್ದೆ ಯಾವುದು, ಸಂಬಳ ಎಲ್ಲಿಂದ. ವಾರದಲ್ಲಿ ಎಷ್ಟು ದಿನ ಸಂಶೋಧನೆಗೆ ಮೀಸಲು (ಎರಡು ದಿನಕ್ಕಿಂತ ಕಮ್ಮಿ ಆದರೆ ಸುಮ್ನೆ ಬಿಟ್ಟುಬಿಡಿ). ಮೈನಸ್ 80 ಡಿಗ್ರಿ ಫ್ರೀಜರ್ ಇದೆಯೇ, ಇದ್ದರೆ ರಾತ್ರಿ ಕರೆಂಟ್ ಹೋದಾಗ ಯಾರು ನೋಡುತ್ತಾರೆ. ಅಂಕಿಅಂಶ ಗೊತ್ತಿರುವ ಒಬ್ಬರು ಕ್ಯಾಂಪಸ್ಸಿನಲ್ಲಿದ್ದಾರೆಯೇ. ಮೊದಲ ವರ್ಷ ಸಣ್ಣ ಅಧ್ಯಯನ ಶುರು ಮಾಡಲು ಒಂದಿಷ್ಟು ಬೀಜಧನ ಸಿಗುತ್ತದೆಯೇ.

ಆಫ್ರಿಕಾದ ಮಾಲಿ ದೇಶ ಇದಕ್ಕೆ ಒಳ್ಳೆಯ ಉದಾಹರಣೆ. ಬಡ ದೇಶ ಅದು. ಅಲ್ಲಿನ ಒಗೊಬಾರಾ ಡೌಂಬೊ ಅನ್ನುವ ವೈದ್ಯ ವಿಜ್ಞಾನಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ಜೊತೆ ಸೇರಿ ರಾಜಧಾನಿ ಬಮಾಕೊದ ವಿಶ್ವವಿದ್ಯಾಲಯದಲ್ಲಿ ಮಲೇರಿಯಾ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಬೆಳೆಸಿದರು. ಹೊರದೇಶದಲ್ಲಿ ಓದಿದವರು ತಮ್ಮ ಊರಿನ ಲ್ಯಾಬಿಗೇ ಮರಳಿ ಬಂದು ಕೆಲಸ ಮಾಡುವಂತೆ ನೋಡಿಕೊಂಡರು. 2018ರಲ್ಲಿ ಅವರು ತೀರಿಕೊಂಡರು. ಕೇಂದ್ರ ನಿಲ್ಲಲಿಲ್ಲ.

ನಮ್ಮಲ್ಲೂ ಇಂಥದ್ದು ಆಗಿದೆ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಕಟ್ಟಿದವು. ಐದು ವರ್ಷ ಕಳೆದು, 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೆ ಜ್ವರ ಬಂತು. ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇನೋ ಅನ್ನುವ ಭಯ ಶುರುವಾಯಿತು. ಆಗ ಪುಣೆಯ ತಂಡ ಕಾಡಿಗೆ ಬಂದು, ಸತ್ತ ಮಂಗಗಳಿಂದ, ಉಣ್ಣಿಗಳಿಂದ ಮಾದರಿ ತೆಗೆದು, ಅದೇ ವರ್ಷ ಹೊಸ ವೈರಸ್ಸನ್ನು ಗುರುತಿಸಿತು, ಅದೇ ಮಂಗನ ಕಾಯಿಲೆಯ ವೈರಸ್. ಕೀಟ ಹಿಡಿಯುವವರು, ವೈರಸ್ ಬೆಳೆಸುವವರು, ಕಾಡಿನಲ್ಲಿ ಓಡಾಡುವವರು ಮೊದಲೇ ಒಂದು ಕಡೆ ತಯಾರಾಗಿ ಕೂತಿದ್ದಕ್ಕೆ ಅದು ಸಾಧ್ಯವಾಯಿತು. ರೋಗ ಬಂದ ಮೇಲೆ ಜನರನ್ನು ತರಬೇತಿಗೆ ಕಳಿಸಿದ್ದರೆ ಏನಾಗುತ್ತಿತ್ತು, ನೀವೇ ಹೇಳಿ.

2. ಪ್ರಶ್ನೆ ನಿಮ್ಮ ಜಿಲ್ಲೆಯದ್ದಾಗಿರಲಿ

ಪಾಲುದಾರರು ತಮ್ಮ ಪ್ರಶ್ನೆ ಹಿಡಿದುಕೊಂಡೇ ಬರುತ್ತಾರೆ. ಅದು ಸಹಜ, ಅವರ ಅನುದಾನ ಅದಕ್ಕೇ ಬಂದಿರುತ್ತದೆ. ನಿಮ್ಮ ಕೈಯಲ್ಲಿ ನಿಮ್ಮದೇ ಪ್ರಶ್ನೆ ಇಲ್ಲದಿದ್ದರೆ ನಿಮ್ಮ ಹುಡುಗರು ಬೇರೆಯವರ ಅಧ್ಯಯನಕ್ಕೆ ರಕ್ತ ಸಂಗ್ರಹಿಸುವವರಾಗಿ ಉಳಿಯುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದಾಗ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ನಮ್ಮವರೂ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಒಂದು ಸರಳ ಪ್ರಶ್ನೆ ಕೇಳಿದರು: ಟಿಬಿ ಇರುವವರಿಗೆ ತಮಗೆ ಏನೋ ಆಗಿದೆ ಅಂತ ಗೊತ್ತಿದೆಯೇ, ಗೊತ್ತಿದ್ದರೆ ಏನು ಮಾಡಿದ್ದಾರೆ? ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ಮನೆಮನೆಗೆ ಹೋಗಿ ಎಕ್ಸ್‌ರೇ ತೆಗೆದು ರೋಗಿಗಳನ್ನು ಹುಡುಕಬೇಕು ಅನ್ನುವುದು ಆಗಿನ ನಂಬಿಕೆ. 1963ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಹೇಳಿತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗಿತ್ತು! ಆಸ್ಪತ್ರೆಗೆ ಬಂದವರ ಕಫ ಪರೀಕ್ಷೆ ಮಾಡಿದರೆ ಸಾಕು ಅನ್ನುವ ದಾರಿಗೆ ದೇಶದ ಟಿಬಿ ಕಾರ್ಯಕ್ರಮ ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ನಿಮ್ಮ ಪ್ರಶ್ನೆ ಗಟ್ಟಿಯೋ ಅಲ್ಲವೋ ನೋಡಲು ನಾನು ಕೇಳುವುದು ಒಂದೇ: ಉತ್ತರ ಸಿಕ್ಕರೆ ಜಿಲ್ಲಾ ಆರೋಗ್ಯಾಧಿಕಾರಿ ನಾಳೆಯಿಂದ ಏನನ್ನಾದರೂ ಬೇರೆ ರೀತಿ ಮಾಡುತ್ತಾರೆಯೇ? ಮಾಡುವುದಿಲ್ಲ ಅಂದರೆ ಬೇರೆ ಪ್ರಶ್ನೆ ಹುಡುಕಿ. ಮೂರು ಸಾಕು. ಹದಿನೈದು ಬರೆದುಕೊಂಡು ಹೋದರೆ ಯಾವುದೂ ಯಾರ ಕಣ್ಣಿಗೂ ಬೀಳುವುದಿಲ್ಲ.

3. ಪಾಲುದಾರರನ್ನು ಹುಡುಕುವಾಗ ಹೆಸರಿಗೆ ಮರುಳಾಗಬೇಡಿ

ಐದು ನಿಮಿಷದ ಕೆಲಸ ಹೇಳುತ್ತೇನೆ. ಯಾವ ವಿದೇಶಿ ಪ್ರಾಧ್ಯಾಪಕರ ಜೊತೆ ಕೈಜೋಡಿಸಬೇಕು ಅಂದುಕೊಂಡಿದ್ದೀರೋ ಅವರ ಹೆಸರನ್ನು ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ ಹಾಕಿ. ಬೇರೆ ದೇಶಗಳಲ್ಲಿ ಅವರು ಮಾಡಿದ ಕೆಲಸಗಳ ಲೇಖಕರ ಪಟ್ಟಿ ನೋಡಿ. ಮೊದಲ ಹೆಸರು (ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರದ್ದು) ಯಾರದ್ದು, ಕೊನೆಯ ಹೆಸರು (ತಂಡದ ಮುಂದಾಳಿನದ್ದು) ಯಾರದ್ದು? ಉಗಾಂಡಾದ ರೋಗಿಗಳ ಮೇಲೆ ಮಾಡಿದ ಹತ್ತು ಅಧ್ಯಯನಗಳಲ್ಲಿ ಉಗಾಂಡಾದವರೆಲ್ಲ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ನಿಮ್ಮ ಗತಿಯೂ ಅದೇ. ಆಮೇಲೆ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ಮೇಲ್ ಮಾಡಿ, ಹೇಗಿತ್ತು ಅಂತ ಕೇಳಿ. ಜನ ಖಾಸಗಿಯಾಗಿ ಕೇಳಿದರೆ ಸತ್ಯ ಹೇಳುತ್ತಾರೆ.

ಇನ್ನೊಂದು ನೋಡಬೇಕಾದದ್ದು, ಅವರು ಎಷ್ಟು ದಿನ ಉಳಿಯುತ್ತಾರೆ ಅನ್ನುವುದು. ಉಗಾಂಡಾದ ಮಕರೆರೆ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಕೇಸ್ ವೆಸ್ಟರ್ನ್ ವಿಶ್ವವಿದ್ಯಾಲಯ ಟಿಬಿ, ಎಚ್‌ಐವಿ ವಿಷಯದಲ್ಲಿ ಜೊತೆಯಾದದ್ದು 1988ರಲ್ಲಿ. ಬ್ಯಾಂಕಾಕಿನ ಮಹಿಡೊಲ್ ಮತ್ತು ಆಕ್ಸ್‌ಫರ್ಡ್ 1979ರಿಂದ ಒಟ್ಟಿಗಿವೆ. ಜೋರು ಮಲೇರಿಯಾಕ್ಕೆ ಕ್ವಿನೈನ್‌ಗಿಂತ ಆರ್ಟೆಸುನೇಟ್ ಒಳ್ಳೆಯದು ಅಂತ ಏಷ್ಯಾದಲ್ಲಿ ತೋರಿಸಿಕೊಟ್ಟ 2005ರ ದೊಡ್ಡ ಅಧ್ಯಯನ ಈ ಬಳಗದ್ದು, ಭಾರತದ ರೋಗಿಗಳೂ ಅದರಲ್ಲಿದ್ದರು. ಎಣಿಸಿ ನೋಡಿ, 26 ವರ್ಷ. ಮೂರು ವರ್ಷದ ಯೋಜನೆಯಿಂದ ಇಂಥದ್ದು ಹುಟ್ಟುವುದಿಲ್ಲ.

4. ಒಪ್ಪಂದದಲ್ಲಿ ಸಿಹಿ ಮಾತು ಕಮ್ಮಿ, ಕಹಿ ಮಾತು ಜಾಸ್ತಿ ಇರಲಿ

ಜಗಳ ಆಗುವುದು ನಾಲ್ಕು ವಿಷಯಕ್ಕೆ: ಲೇಖಕರ ಕ್ರಮ, ದತ್ತಾಂಶ, ಮಾದರಿಗಳು, ದುಡ್ಡು. ದುಡ್ಡಿಗೆ ಆಮೇಲೆ ಬರೋಣ.

ತರಬೇತಿ ಪಡೆಯುವವರ ಪ್ರಬಂಧಕ್ಕೆ ಅವರೇ ಮೊದಲ ಲೇಖಕರು, ಇದು ಚರ್ಚೆಯ ವಿಷಯವೇ ಅಲ್ಲ ಅಂತ ಬರೆಯಿರಿ. ಇಲ್ಲಿಯ ಮಾರ್ಗದರ್ಶಕರಿಗೆ ಕೊನೆಯ ಲೇಖಕರ ಸ್ಥಾನ ಯಾವಾಗ ಸಿಗುತ್ತದೆ ಅಂತಲೂ ಬರೆಯಿರಿ. ದತ್ತಾಂಶದ ಪೂರ್ತಿ ಪ್ರತಿ ನಿಮ್ಮ ಸರ್ವರಿನಲ್ಲಿ ಇರಬೇಕು.

ಮಾದರಿಗಳ ವಿಷಯದಲ್ಲಿ ಇಂಡೋನೇಷ್ಯಾದ ಕಥೆ ನೆನಪಿಡಿ. ಹಕ್ಕಿಜ್ವರದ ವೈರಸ್ ಮಾದರಿಗಳನ್ನು ಆ ದೇಶ ಜಾಗತಿಕ ವ್ಯವಸ್ಥೆಗೆ ಕೊಡುತ್ತಿತ್ತು. ಅದರಿಂದ ಹೊರಗಿನ ಕಂಪನಿ ಲಸಿಕೆ ಮಾಡುತ್ತಿದೆ, ಆ ಲಸಿಕೆ ತಮ್ಮ ಜನರ ಕೈಗೆಟುಕುವ ಭರವಸೆ ಇಲ್ಲ ಅಂತ ಗೊತ್ತಾದಾಗ 2007ರ ಹೊತ್ತಿಗೆ ಮಾದರಿ ಕೊಡುವುದನ್ನೇ ನಿಲ್ಲಿಸಿತು. ವರ್ಷಗಟ್ಟಲೆ ಮಾತುಕತೆ ನಡೆದು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ನಿಯಮಾವಳಿ ತಂದಿತು. ಒಂದು ಕಾಲೇಜಿಗೆ ಅಷ್ಟು ಬಲ ಇರುವುದಿಲ್ಲ. ಹಾಗಾಗಿ ಮೊದಲೇ ಬರೆದಿಡಿ: ಯಾವ ಮಾದರಿ ಹೋಗುತ್ತದೆ, ಯಾವ ಪರೀಕ್ಷೆಗೆ ಮಾತ್ರ, ಉಳಿದದ್ದನ್ನು ವಾಪಸ್ ಕಳಿಸಬೇಕೋ ನಾಶ ಮಾಡಬೇಕೋ, ಅದೇ ಪರೀಕ್ಷೆಯನ್ನು ಎಷ್ಟು ವರ್ಷದೊಳಗೆ ಇಲ್ಲೇ ಮಾಡಲು ನಮ್ಮವರಿಗೆ ಕಲಿಸಬೇಕು. ಕೊನೆಯ ಸಾಲು ಎಲ್ಲರೂ ಮರೆಯುವ ಸಾಲು. ತರಬೇತಿ ಒಪ್ಪಂದದ ಜೀವ ಇರುವುದು ಅದರಲ್ಲೇ.

5. ದುಡ್ಡು

ಈ ಕ್ಷೇತ್ರದಲ್ಲಿ ದಶಕಗಳಿಂದ ಕೇಳಿಬರುವ ಹೆಸರು ಫೋಗರ್ಟಿ ಇಂಟರ್‌ನ್ಯಾಷನಲ್ ಸೆಂಟರ್. ಎನ್‌ಐಎಚ್‌ನ ಭಾಗ, 1968ರಲ್ಲಿ ಶುರುವಾದದ್ದು. 1988ರಲ್ಲಿ ಅದು ಏಡ್ಸ್ ಸಂಶೋಧನೆಗಾಗಿ ತರಬೇತಿ ಕಾರ್ಯಕ್ರಮ ಆರಂಭಿಸಿತು, ಆಮೇಲೆ ಉಳಿದ ಸೋಂಕು ರೋಗಗಳಿಗೂ ತಂದಿತು. ಡಿ43 ಅಂತ ಕರೆಯುವ ಈ ತರಬೇತಿ ಅನುದಾನ ಸಾಮಾನ್ಯವಾಗಿ 5 ವರ್ಷದ್ದು. ಇದರಲ್ಲಿ ಆಡಳಿತ ವೆಚ್ಚಕ್ಕೆ ಕೊಡುವುದು 8 ಶೇಕಡಾ ಮಾತ್ರ, ಅಂದರೆ ಲೆಕ್ಕ ಬರೆಯುವವರು, ವೀಸಾ ಓಡಾಟ ಮಾಡುವವರ ಸಂಬಳವನ್ನು ಬಹುಪಾಲು ನೀವೇ ಹೊಂದಿಸಬೇಕು. ಈ ಲೆಕ್ಕ ಮೊದಲೇ ಹಾಕದವರು ಎರಡನೇ ವರ್ಷ ಒದ್ದಾಡುತ್ತಾರೆ.

ಎನ್‌ಐಎಚ್‌ಗೆ ಅರ್ಜಿ ಹಾಕಲು ಅಮೆರಿಕ ಸರ್ಕಾರದ ಸ್ಯಾಮ್ ತಾಣದಲ್ಲಿ ನೋಂದಣಿ, ಅಲ್ಲಿ ಸಿಗುವ ಯುಇಐ ಗುರುತಿನ ಸಂಖ್ಯೆ, ವಿದೇಶಿ ಸಂಸ್ಥೆಗಳಿಗೆ ಬೇಕಾದ ಎನ್‌ಕೇಜ್ ಕೋಡ್, ಎನ್‌ಐಎಚ್‌ನ ಅನುದಾನ ತಾಣ ಇಆರ್‌ಎ ಕಾಮನ್ಸ್‌ನಲ್ಲಿ ಖಾತೆ ಎಲ್ಲ ಬೇಕು. ಪ್ರತಿಯೊಂದಕ್ಕೂ ವಾರಗಳು ಹಿಡಿಯುತ್ತವೆ, ಒಂದರಲ್ಲಿ ಕಾಲೇಜಿನ ವಿಳಾಸದ ಸ್ಪೆಲ್ಲಿಂಗ್ ಬೇರೆಯಾಗಿದ್ದರೂ ಮತ್ತೊಂದು ಮುಂದೆ ಹೋಗುವುದಿಲ್ಲ. ಅರ್ಜಿ ಕರೆಯುವ ತನಕ ಕಾಯದೆ ಈಗಲೇ ಮಾಡಿಟ್ಟುಕೊಳ್ಳಿ.

ಆದರೆ ಒಂದೇ ಬಾಗಿಲಿನ ಮುಂದೆ ನಿಲ್ಲಬೇಡಿ. 2025ರ ಮೇ ತಿಂಗಳಲ್ಲಿ ಎನ್‌ಐಎಚ್, ಅಮೆರಿಕದ ವಿಶ್ವವಿದ್ಯಾಲಯಗಳು ವಿದೇಶಿ ಪಾಲುದಾರರಿಗೆ ಉಪ-ಅನುದಾನ ಹಂಚುವ ಹಳೆಯ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ ಹೇಳಿತು. ಅದೇ ವರ್ಷ ಅಮೆರಿಕ ಸರ್ಕಾರದ ಬಜೆಟ್ ಪ್ರಸ್ತಾವದಲ್ಲಿ ಫೋಗರ್ಟಿಯನ್ನೇ ಮುಚ್ಚುವ ಮಾತಿತ್ತು. ಯಾವ ಕಾರ್ಯಕ್ರಮ ಈಗ ತೆರೆದಿದೆ ಅಂತ ಆಯಾ ಹೊತ್ತಿನ ಪ್ರಕಟಣೆಯಲ್ಲೇ ನೋಡಬೇಕು. ಹೈದರಾಬಾದಿನ ಇಂಡಿಯಾ ಅಲಯನ್ಸ್ ಇನ್ನೊಂದು ಬಾಗಿಲು. ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಸೇರಿ ಮಾಡಿದ್ದು. ಜೋರಾದ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದೊಂದೇ ಕೊಡುವುದಕ್ಕಿಂತ ಒಳ್ಳೆಯದು ಅಂತ 2023ರಲ್ಲಿ ತೋರಿಸಿದ ಅಧ್ಯಯನ ಅದರ ನೆರವಿನದ್ದು. ವೆಲ್ಲೂರಿನ ಸಿಎಂಸಿ ಮುಂದಾಳತ್ವದಲ್ಲಿ ನಮ್ಮ ದೇಶದ 7 ಆಸ್ಪತ್ರೆಗಳಲ್ಲಿ ನಡೆದದ್ದು.

ಇನ್ನು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ನಮ್ಮ ಕಾಯ್ದೆ. ಖಾಸಗಿ ಟ್ರಸ್ಟಿನ ಕಾಲೇಜಾದರೆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ವಿದೇಶಿ ಅನುದಾನ ಮುಟ್ಟುವ ಹಾಗಿಲ್ಲ. 2020ರ ತಿದ್ದುಪಡಿ ನಂತರ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ 20 ಶೇಕಡಾ ದಾಟಬಾರದು, ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸಬಾರದು. ಈ ಕೊನೆಯದ್ದು ದೊಡ್ಡ ತಲೆನೋವು. ನೀವು ಮುಖ್ಯ ಸಂಸ್ಥೆಯಾಗಿ ದುಡ್ಡು ತೆಗೆದುಕೊಂಡು ಪಕ್ಕದ ಜಿಲ್ಲೆಯ ಕಾಲೇಜಿಗೆ ಪಾಲು ಕೊಡುತ್ತೇನೆ ಅಂದುಕೊಂಡಿದ್ದರೆ ಆಗುವುದಿಲ್ಲ, ಅವರ ಪಾಲು ವಿದೇಶದಿಂದ ಅವರಿಗೇ ನೇರವಾಗಿ ಹೋಗಬೇಕು. ಕಾಯ್ದೆಯಿಂದ ಹುಟ್ಟಿ ಮಹಾಲೇಖಪಾಲರ (ಸಿಎಜಿ) ಲೆಕ್ಕ ತಪಾಸಣೆಗೆ ಒಳಪಡುವ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಇದೆ. ನಿಮ್ಮದು ಯಾವ ಸಾಲಿಗೆ ಸೇರುತ್ತದೆ ಅಂತ ಹಣಕಾಸು ಅಧಿಕಾರಿಯಿಂದ ಬರಹದಲ್ಲಿ ತೆಗೆದುಕೊಳ್ಳಿ.

6. ಅನುಮತಿಗಳು

ನೈತಿಕ ಸಮಿತಿಯ ಒಪ್ಪಿಗೆ ಎರಡೂ ಕಡೆ ಬೇಕು. ವಿದೇಶಿ ದುಡ್ಡು ಅಥವಾ ವಿದೇಶಿ ಸಹಯೋಗ ಇರುವ ಆರೋಗ್ಯ ಸಂಶೋಧನೆಗೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ, ಎಚ್‌ಎಂಎಸ್‌ಸಿ, ಒಪ್ಪಬೇಕು. ಔಷಧ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆ ದೇಶದ ಔಷಧ ಪ್ರಯೋಗಗಳ ದಾಖಲೆ ಸಿಟಿಆರ್‌ಐನಲ್ಲಿ ನೋಂದಣಿ. ಮಾದರಿ ಹೊರಗೆ ಹೋಗುವುದಾದರೆ ವರ್ಗಾವಣೆ ಒಪ್ಪಂದ. "ಇದು ಬರೀ ತರಬೇತಿ, ಇದಕ್ಕೇಕೆ ಅನುಮತಿ" ಅಂತ ಕೇಳುವವರಿದ್ದಾರೆ. ತರಬೇತಿಯಲ್ಲಿ ರೋಗಿಯ ರಕ್ತವೋ ಮಾಹಿತಿಯೋ ಬಂದ ಕ್ಷಣ ಅದು ಸಂಶೋಧನೆ. ಮೊದಲ ವರ್ಷವನ್ನು ಕಾಗದಪತ್ರಕ್ಕೆ ಅಂತಲೇ ಇಟ್ಟುಕೊಂಡು, ಆ ಹೊತ್ತಿನಲ್ಲಿ ಅನುಮತಿ ಬೇಡದ ಕೋರ್ಸುಗಳನ್ನು ಮುಗಿಸಿಕೊಳ್ಳುವುದು ಜಾಣತನ.

7. ಯಾರನ್ನು ಆರಿಸಬೇಕು

ಎಂಡಿ ಆದವರನ್ನು ಮಾತ್ರ ಅಲ್ಲ. ಒಬ್ಬ ಸೂಕ್ಷ್ಮಜೀವಿ ತಜ್ಞೆ, ಒಬ್ಬ ಅಂಕಿಅಂಶ ತಜ್ಞ, ಒಬ್ಬ ಲ್ಯಾಬ್ ಟೆಕ್ನೀಷಿಯನ್, ದತ್ತಾಂಶ ನೋಡಿಕೊಳ್ಳುವ ಒಬ್ಬರು, ಹೀಗೆ ತಂಡವನ್ನೇ ಕಳಿಸಿದರೆ ವಾಪಸ್ ಬಂದ ಮೇಲೆ ಕೆಲಸ ನಡೆಯುತ್ತದೆ. ಒಬ್ಬರೇ ಬಂದರೆ ಅವರಿಗೆ ಮಾತಾಡಲೂ ಜನ ಇರುವುದಿಲ್ಲ. ಸಂದರ್ಶನದಲ್ಲಿ ಎರಡೂ ಕಡೆಯವರು ಕೂರಬೇಕು. ಇಂಗ್ಲಿಷ್ ಚೆನ್ನಾಗಿ ಮಾತಾಡುವವರು ಅಲ್ಲಿ ಸುಲಭವಾಗಿ ಗೆಲ್ಲುತ್ತಾರೆ, ಅದಕ್ಕೆ ಒಂದು ಪುಟದ ಬರಹದ ಪ್ರಶ್ನೆಯನ್ನೂ ಇಡಿ, ಕನ್ನಡದಲ್ಲಿ ಬರೆಯಲೂ ಬಿಡಿ. ಬಾಂಡ್ ಬರೆಸಿಕೊಳ್ಳುವುದು ನನಗೆ ಇಷ್ಟವಿಲ್ಲ. ಮೊದಲ ಹಂತದಲ್ಲಿ ಹೇಳಿದ ಕುರ್ಚಿ ಇದ್ದರೆ ಬಾಂಡ್ ಬೇಕಾಗುವುದಿಲ್ಲ, ಕುರ್ಚಿ ಇಲ್ಲದಿದ್ದರೆ ಬಾಂಡ್ ದುಡ್ಡು ಕಟ್ಟಿ ಹೋಗುತ್ತಾರೆ.

8. ಕಲಿಸುವ ರೀತಿ

ಪಿಎಚ್‌ಡಿಯಿಂದ ಶುರು ಮಾಡಬೇಡಿ. ಮೊದಲು ಸಣ್ಣದು.

ಸಾರ್ಟ್ ಇಟ್ ಅನ್ನುವ ಮಾದರಿ ನನಗೆ ತುಂಬಾ ಇಷ್ಟ. ಟಿಬಿ ವಿರುದ್ಧ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ದಿ ಯೂನಿಯನ್ ಮತ್ತು ಗಡಿಗಳಿಲ್ಲದ ವೈದ್ಯರ ಸಂಸ್ಥೆ 2009ರಲ್ಲಿ ಶುರು ಮಾಡಿದ ಕೋರ್ಸ್ ಇದು, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಕಾರ್ಯಕ್ರಮ ಟಿಡಿಆರ್ ಜೊತೆ ಸೇರಿ ಬೆಳೆಯಿತು. ಮೂರು ಭಾಗ: ಪ್ರೋಟೋಕಾಲ್ ಬರೆಯುವುದು, ದತ್ತಾಂಶ ವಿಶ್ಲೇಷಣೆ, ಪ್ರಬಂಧ ಬರೆಯುವುದು. ಪ್ರತಿ ಭಾಗಕ್ಕೂ ಗುರಿ ಇದೆ, ಮುಟ್ಟದಿದ್ದರೆ ಮುಂದಿನ ಭಾಗಕ್ಕೆ ಪ್ರವೇಶವಿಲ್ಲ. ಕೊನೆಯ ಭಾಗ ಮುಗಿದ 4 ವಾರದೊಳಗೆ ಪ್ರಬಂಧವನ್ನು ಪತ್ರಿಕೆಗೆ ಕಳಿಸಲೇಬೇಕು. ಹಾಜರಾತಿಗೆ ಸರ್ಟಿಫಿಕೇಟ್ ಕೊಡುವ ನಮ್ಮ ವರ್ಕ್‌ಶಾಪುಗಳಿಗೆ ಇದು ಕಠಿಣ ಅನ್ನಿಸಬಹುದು. ಅನ್ನಿಸಲಿ.

ಮೊದಲ ವಾರದಲ್ಲಿ ಮಾಡಿಸಬೇಕಾದ ಒಂದು ಅಭ್ಯಾಸ ಖಾಲಿ ಕೋಷ್ಟಕ. ದತ್ತಾಂಶ ಸಂಗ್ರಹಿಸುವ ಮುಂಚೆಯೇ ಫಲಿತಾಂಶದ ಕೋಷ್ಟಕವನ್ನು ಬರೆಯಿಸಿ, ಅಂಕಿ ತುಂಬಬೇಕಾದ ಜಾಗ ಖಾಲಿ ಬಿಡಿಸಿ. ಪ್ರಶ್ನೆ ಹೀಗಿದೆ ಅನ್ನಿ: ಸ್ಕ್ರಬ್ ಟೈಫಸ್ ಬಂದವರಿಗೆ ಜ್ವರ ಶುರುವಾದ ಎಷ್ಟನೇ ದಿನ ಡಾಕ್ಸಿಸೈಕ್ಲಿನ್ ಸಿಗುತ್ತದೆ? ಎಡಗಡೆ ಸಾಲುಗಳಲ್ಲಿ ಹಳ್ಳಿಯವರು, ಪೇಟೆಯವರು. ಮೊದಲು ಮೆಡಿಕಲ್ ಶಾಪಿಗೆ ಹೋದವರು, ಮೊದಲು ಪಿಎಚ್‌ಸಿಗೆ ಹೋದವರು. ನುಸಿ ಕಚ್ಚಿದ ಜಾಗದಲ್ಲಿ ಆಗುವ, ಸಿಗರೇಟಿನಿಂದ ಸುಟ್ಟಂಥ ಕಪ್ಪು ಗಾಯವನ್ನು ವೈದ್ಯರು ಗುರುತಿಸಿದವರು, ಗುರುತಿಸದವರು. ಮೇಲುಗಡೆ ದಿನಗಳು. ಈಗ ರೋಗಿಯ ಕೇಸ್ ಶೀಟ್ ತರಿಸಿ ಪಕ್ಕದಲ್ಲಿಡಿ. ಅದರಲ್ಲಿ ದಾಖಲಾದ ದಿನ ಇರುತ್ತದೆ, ಜ್ವರ ಶುರುವಾದ ದಿನಕ್ಕೆ ಜಾಗವೇ ಇರುವುದಿಲ್ಲ. ಮೆಡಿಕಲ್ ಶಾಪಿನ ಮಾತು ಎಲ್ಲೂ ಇಲ್ಲ. ಹಳೆಯ ಕಡತ ನೋಡಿ ಮಾಡುವ ಅಧ್ಯಯನ ಇದಲ್ಲ, ರೋಗಿಯನ್ನೇ ಕೂರಿಸಿ ಕೇಳಬೇಕು ಅನ್ನುವುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಇದನ್ನು ಮಾಡದವರಿಗೆ ಒಂದು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ.

ಸಣ್ಣ ಅಧ್ಯಯನ ಮುಗಿಸಿದವರಲ್ಲಿ ಆಸಕ್ತಿ ಇರುವವರು ಪಿಎಚ್‌ಡಿಗೆ ಹೋಗಲಿ, ಅದೂ ಸ್ಯಾಂಡ್‌ವಿಚ್ ರೀತಿ: ಕ್ಷೇತ್ರಕಾರ್ಯ ಇಲ್ಲಿ, ನಡುವೆ ಕೆಲವು ತಿಂಗಳು ಅಲ್ಲಿ. ಯುಜಿಸಿಯ 2022ರ ನಿಯಮಗಳಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಜಂಟಿ ಪದವಿಗೆ ದಾರಿ ಇದೆ. ಪಿಎಚ್‌ಡಿಯಾದರೆ ಎರಡೂ ಕಡೆ ಒಬ್ಬೊಬ್ಬ ಮಾರ್ಗದರ್ಶಕರು ಬೇಕು, ಎರಡೂ ಕಡೆ ಕನಿಷ್ಠ ಒಂದೊಂದು ಸೆಮಿಸ್ಟರ್ ಇರಬೇಕು. ಇಬ್ಬರು ಗೈಡ್‌ಗಳು ಅಂದ ಮೇಲೆ ಎತ್ತು ಏರಿಗೆ, ಕೋಣ ನೀರಿಗೆ ಆಗುವ ಅಪಾಯ ಇದ್ದೇ ಇದೆ. ತಿಂಗಳಿಗೊಮ್ಮೆ ಮೂವರೂ ಒಟ್ಟಿಗೆ ಕಾಲ್‌ನಲ್ಲಿ ಕೂರಬೇಕು, ತೀರ್ಮಾನಗಳನ್ನು ವಿದ್ಯಾರ್ಥಿಯೇ ಬರೆದು ಇಬ್ಬರಿಗೂ ಕಳಿಸಬೇಕು.

9. ಜೀವ ಕಾಪಾಡುವ ಪಾಠ ಮೊದಲು

ಸಿಯೆರಾ ಲಿಯೋನಿನ ಕೆನೆಮಾ ಸರ್ಕಾರಿ ಆಸ್ಪತ್ರೆಯಲ್ಲಿ ಅಮೆರಿಕದ ಟುಲೇನ್ ವಿಶ್ವವಿದ್ಯಾಲಯದ ಜೊತೆ ಲಾಸಾ ಜ್ವರದ ಕಾರ್ಯಕ್ರಮ ವರ್ಷಗಳಿಂದ ನಡೆಯುತ್ತಿತ್ತು. 2014ರಲ್ಲಿ ಎಬೋಲಾ ಬಂದಾಗ ಅದನ್ನು ಪತ್ತೆ ಮಾಡಲು ಅಲ್ಲಿ ಲ್ಯಾಬ್, ಜನ ಎರಡೂ ಇದ್ದರು. ಅದರ ವೈದ್ಯ ಮುಖ್ಯಸ್ಥ ಶೇಖ್ ಹುಮರ್ ಖಾನ್ ಅದೇ ವರ್ಷದ ಜುಲೈನಲ್ಲಿ ಎಬೋಲಾದಿಂದಲೇ ತೀರಿಕೊಂಡರು. ಆ ವೈರಸ್ಸಿನ ಜೀನೋಮ್‌ಗಳನ್ನು ಓದಿದ ಪ್ರಬಂಧ ಆಗಸ್ಟ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಅದರ ಲೇಖಕರಲ್ಲಿ ಐವರು ಬದುಕಿರಲಿಲ್ಲ. ಮಂಗನ ಕಾಯಿಲೆಯ ವೈರಸ್ ಕೂಡ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೇ ತಗುಲಿದ್ದುಂಟು.

ಹಾಗಾಗಿ ಜೈವಿಕ ಸುರಕ್ಷತೆಯ ತರಬೇತಿ ಮುಗಿಸದವರನ್ನು ಮಾದರಿ ಮುಟ್ಟಲು ಬಿಡಬೇಡಿ, ಎಷ್ಟೇ ಅವಸರ ಇರಲಿ. ಕಾಡಿಗೆ ಹೋಗಿ ಉಣ್ಣಿ ಸಂಗ್ರಹಿಸುವ ದಿನಗೂಲಿಯವರಿಗೂ ಅದೇ ತರಬೇತಿ, ಅದೇ ರಕ್ಷಣಾ ಉಡುಪು, ಅದೇ ವಿಮೆ. ವಿದೇಶಿ ವಿದ್ಯಾರ್ಥಿಗೆ ಏರ್ ಆಂಬುಲೆನ್ಸ್ ವಿಮೆ ಇದ್ದು ನಮ್ಮ ಫೀಲ್ಡ್ ಅಸಿಸ್ಟೆಂಟಿಗೆ ಏನೂ ಇಲ್ಲದ ಬಜೆಟ್ ಬಂದರೆ ಸಹಿ ಹಾಕಬೇಡಿ.

10. ಲೆಕ್ಕ ಇಡುವುದು, ಚುಕ್ಕಾಣಿ ಹಿಡಿಯುವುದು

ಎಷ್ಟು ಜನ ತರಬೇತಿ ಪಡೆದರು ಅನ್ನುವ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಫೋಗರ್ಟಿಯವರು ಕೆರಿಯರ್‌ಟ್ರ್ಯಾಕ್ ಅನ್ನುವ ವ್ಯವಸ್ಥೆಯಲ್ಲಿ ತರಬೇತಿ ಪಡೆದವರು ಆಮೇಲೆ ಏನಾದರು ಅಂತ ವರ್ಷಗಟ್ಟಲೆ ಹಿಂಬಾಲಿಸುತ್ತಾರೆ. ನಿಮಗೆ ಒಂದು ಎಕ್ಸೆಲ್ ಶೀಟ್ ಸಾಕು: ಐದು ವರ್ಷದ ನಂತರ ಎಲ್ಲಿದ್ದಾರೆ, ಮೊದಲ ಅಥವಾ ಕೊನೆಯ ಲೇಖಕರಾಗಿ ಏನು ಬರೆದಿದ್ದಾರೆ, ಸ್ವಂತ ಹೆಸರಿನಲ್ಲಿ ಅನುದಾನ ತಂದಿದ್ದಾರೆಯೇ, ತಾವು ಎಷ್ಟು ಜನಕ್ಕೆ ಕಲಿಸುತ್ತಿದ್ದಾರೆ.

ಅನುದಾನದ ನಾಲ್ಕನೇ ವರ್ಷ ಕಾಲಿಡುವಾಗಲೇ ಮುಂದಿನ ಅರ್ಜಿಗೆ ಕೂತುಕೊಳ್ಳಿ. ಈ ಸಲ ಮುಖ್ಯ ಸಂಶೋಧಕರ ಜಾಗದಲ್ಲಿ ನಿಮ್ಮಲ್ಲಿ ತಯಾರಾದವರ ಹೆಸರಿರಲಿ, ವಿದೇಶಿ ಗೈಡ್ ಸಹ-ಸಂಶೋಧಕರಾಗಲಿ. ಒಳ್ಳೆಯ ಪಾಲುದಾರರು ಇದಕ್ಕೆ ಖುಷಿಯಿಂದ ಒಪ್ಪುತ್ತಾರೆ, ಎಷ್ಟೋ ಸಲ ಅವರೇ ಮುಂದಾಗಿ ಹೇಳುತ್ತಾರೆ. ಮುಖ ಗಂಟು ಹಾಕಿಕೊಂಡರೆ ಆ ಅರ್ಜಿಗೆ ಬೇರೆ ಪಾಲುದಾರರನ್ನು ಹುಡುಕಲು ನಿಮ್ಮ ಕೈಯಲ್ಲಿ ಇನ್ನೂ ಒಂದು ವರ್ಷ ಇರುತ್ತದೆ.